ಕಡಲ ನೀರು, ಸ್ಟೀಲ್ ತಗಡು, ಬ್ಲೀಚಿಂಗ್ ಪೌಡರ್ ವಾಸನೆ: ಹೈಡ್ರೋಜನ್ ತೆಗೆಯಲು ಯಾವ ಲೋಹ ಬೇಕು?

ಪ್ರಶ್ನೆ: ನಾನು ಕಾರವಾರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಮಾದರಿ ಸ್ಪರ್ಧೆಗೆಂದು ನಮ್ಮ ಮಕ್ಕಳು ಕಡಲ ನೀರಿನಿಂದ ಹೈಡ್ರೋಜನ್ ತೆಗೆಯಲು ಹೊರಟರು. ಟ್ಯಾಗೋರ್ ಕಡಲತೀರದಿಂದ ತಂದ ಐದು ಲೀಟರ್ ನೀರು, ಎರಡು 304 ಸ್ಟೀಲ್ ತಗಡು, ಬೈಕಿನ 12 ವೋಲ್ಟ್ ಬ್ಯಾಟರಿ. ಗುಳ್ಳೆಗಳೇನೋ ಜೋರಾಗಿ ಬಂದವು. ಆದರೆ ಬ್ಲೀಚಿಂಗ್ ಪೌಡರ್ ವಾಸನೆ, ನೀರೆಲ್ಲ ಕಂದು, ಎರಡೇ ದಿನದಲ್ಲಿ ಒಂದು ತಗಡಿಗೆ ತೂತು, ಇನ್ನೊಂದರ ಮೇಲೆ ಬಿಳಿ ಹಿಟ್ಟು. ಆಮೇಲೆ ಬಾವಿ ನೀರಿಗೆ ಕಾಸ್ಟಿಕ್ ಸೋಡಾ ಹಾಕಿ ಹೊಸ ಸ್ಟೀಲ್ ತಗಡು ಇಟ್ಟೆವು. ಈ ಸಲ ನೀರು ಹಳದಿಯಾಯಿತು. ಪ್ಲಾಟಿನಂ ಕೊಳ್ಳುವ ಶಕ್ತಿ ನಮಗಿಲ್ಲ. ಯಾವ ಲೋಹ ಹಾಕಬೇಕು? ಈ ಅನಿಲದಿಂದ ಬಿಸಿಯೂಟದ ಒಲೆ ಉರಿಸಬಹುದೇ ಎಂದು ಮಕ್ಕಳು ಕೇಳುತ್ತಿದ್ದಾರೆ.

ಉತ್ತರ: ಲೋಹ ಬದಲಿಸುವ ಮೊದಲು ನೀರು ಬದಲಿಸಿ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್, ಅದರಲ್ಲಿ ಕರಗಿಸಿದ ಕಾಸ್ಟಿಕ್ ಪೊಟ್ಯಾಶ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್), ಎರಡೂ ಕಡೆ ನಿಕ್ಕಲ್, ಪ್ಲಸ್ ಕಡೆಯ ನಿಕ್ಕಲ್ ಮೇಲೆ ತುಸು ಕಬ್ಬಿಣ. ನಿಮ್ಮ ಶಾಲೆಯ ಕೈಗೆಟುಕುವ ಒಳ್ಳೆಯ ಜೋಡಣೆ ಇದೇ. ದೊಡ್ಡ ಕಾರ್ಖಾನೆಗಳ ಕ್ಷಾರೀಯ ಘಟಕಗಳೂ ಬಹುಪಾಲು ಇದೇ ಲೋಹದ ಮೇಲೆ ನಿಂತಿವೆ.

ಕಡಲ ನೀರಿನಲ್ಲಿ ಆಗಿದ್ದೇನೆಂದರೆ, ನಿಮಗೆ ಗೊತ್ತಿಲ್ಲದೆಯೇ ಒಂದು ಪುಟ್ಟ ಬಿಣಗಾ ಕಟ್ಟಿದ್ದೀರಿ. ಅಲ್ಲಿಯ ಕಾಸ್ಟಿಕ್ ಸೋಡಾ ಕಾರ್ಖಾನೆಯ ಮೂಲ ಕ್ರಿಯೆಯೇ ಉಪ್ಪುನೀರಿಗೆ ಕರೆಂಟು ಕೊಡುವುದು: ಪ್ಲಸ್ ಕಡೆ ಕ್ಲೋರಿನ್, ಮೈನಸ್ ಕಡೆ ಹೈಡ್ರೋಜನ್, ದ್ರಾವಣದಲ್ಲಿ ಕಾಸ್ಟಿಕ್. ಕಾರ್ಖಾನೆಯಲ್ಲಿ ಎರಡೂ ಕಡೆಯ ನಡುವೆ ಪರದೆ ಇರುತ್ತದೆ. ನಿಮ್ಮ ಬಕೆಟ್ಟಿನಲ್ಲಿ ಪರದೆ ಇಲ್ಲ, ಹಾಗಾಗಿ ಕ್ಲೋರಿನ್ನೂ ಕಾಸ್ಟಿಕ್ಕೂ ಅಲ್ಲೇ ಕೂಡಿ ಬ್ಲೀಚಿಂಗ್ ಪೌಡರಿನಲ್ಲಿರುವ ಹೈಪೋಕ್ಲೋರೈಟ್ ಆಯಿತು. ಮೂಗಿಗೆ ಬಂದದ್ದು ಅದರ ವಾಸನೆ.

ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣ, ಅದರಲ್ಲಿ 19 ಗ್ರಾಂ ಕ್ಲೋರೈಡ್. ಮಳೆಗಾಲದಲ್ಲಿ ಕೋಡಿಬಾಗದ ಹತ್ತಿರ ಕಾಳಿಯ ಸಿಹಿನೀರು ಬೆರೆತು ಇದು ಇಳಿಯುತ್ತದೆ, ಆದರೂ ಉಳಿದದ್ದು ಕಿತಾಪತಿಗೆ ಧಾರಾಳ ಸಾಕು. ಲೆಕ್ಕದ ಪ್ರಕಾರ ನೀರಿನಿಂದ ಆಕ್ಸಿಜನ್ ಬಿಡಿಸುವುದು ಕ್ಲೋರೈಡ್‌ನಿಂದ ಕ್ಲೋರಿನ್ ಬಿಡಿಸುವುದಕ್ಕಿಂತ ಸುಲಭ: ಮೊದಲನೆಯದರ ಮಾನಕ ವಿಭವ, ಅಂದರೆ ಲೆಕ್ಕದಲ್ಲಿ ಬೇಕಾದ ವೋಲ್ಟೇಜ್, 1.23 ವೋಲ್ಟ್, ಎರಡನೆಯದರದು 1.36. ಆದರೆ ಆಕ್ಸಿಜನ್‌ನ ಒಂದು ಅಣು ಹುಟ್ಟಲು ನಾಲ್ಕು ಎಲೆಕ್ಟ್ರಾನ್ ಕೈಬದಲಾಗಬೇಕು, ಎರಡು ಆಕ್ಸಿಜನ್ ಪರಮಾಣುಗಳು ಲೋಹದ ಮೇಲೆಯೇ ಒಂದಕ್ಕೊಂದು ಬೆಸೆಯಬೇಕು. ಕ್ಲೋರಿನ್‌ಗೆ ಎರಡೇ ಎಲೆಕ್ಟ್ರಾನ್ ಸಾಕು. ಹಾಗಾಗಿ ಬೇಕಾದ ವೋಲ್ಟೇಜ್ ಕಡಿಮೆಯಿದ್ದೂ ಆಕ್ಸಿಜನ್ ಹಿಂದೆ ಬೀಳುತ್ತದೆ. ಇದರ ಮೇಲೆ, ಆಮ್ಲ–ಕ್ಷಾರದ ಏರಿಳಿತ ತಡೆಯುವ ಬಫರ್ ಇಲ್ಲದ ನೀರಿನಲ್ಲಿ ಪ್ಲಸ್ ತಗಡಿನ ಮೈಗೆ ಅಂಟಿದ ಪದರ ಬೇಗ ಆಮ್ಲೀಯವಾಗುತ್ತದೆ, ಅದು ಕ್ಲೋರಿನ್‌ಗೇ ಅನುಕೂಲ.

ತೂತಿಗೂ ಕ್ಲೋರೈಡೇ ಕಾರಣ. ಸ್ಟೀಲನ್ನು ಕಾಯುವುದು ಅದರ ಮೈಮೇಲಿನ ತೆಳು ಕ್ರೋಮಿಯಂ ಆಕ್ಸೈಡ್ ಪೊರೆ. ಕ್ಲೋರೈಡ್ ಆ ಪೊರೆಯನ್ನು ಅಲ್ಲಲ್ಲಿ ಚುಕ್ಕೆಯಂತೆ ಒಡೆದು ಒಳಗೆ ಇಳಿಯುತ್ತದೆ. 316 ಸ್ಟೀಲಿನಲ್ಲಿ ಎರಡು ಮೂರು ಶೇಕಡ ಮಾಲಿಬ್ಡಿನಂ ಇರುವುದರಿಂದ ಸ್ವಲ್ಪ ತಡೆದೀತು. ಪ್ಲಸ್ ತುದಿಗೆ ಕಟ್ಟಿದರೆ ಅದಕ್ಕೂ ಅದೇ ಗತಿ. ಮೈನಸ್ ತಗಡಿನ ಬಿಳಿ ಹಿಟ್ಟು ಹೆಚ್ಚಾಗಿ ಮೆಗ್ನೀಸಿಯಂ ಹೈಡ್ರಾಕ್ಸೈಡ್, ಜೊತೆಗೆ ಕ್ಯಾಲ್ಸಿಯಂ. ಸಾಣಿಕಟ್ಟೆಯ ಉಪ್ಪಿನ ಆಗರದಲ್ಲಿ ಉಪ್ಪು ತೆಗೆದ ಮೇಲೆ ಉಳಿಯುವ ಕಹಿ ನೀರಿಗೆ ಆ ಕಹಿ ಕೊಡುವುದು ಇದೇ ಮೆಗ್ನೀಸಿಯಂ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 1.3 ಗ್ರಾಂ ಇರುತ್ತದೆ. ಹೈಡ್ರೋಜನ್ ಹೊರಬಂದಂತೆ ಮೈನಸ್ ತಗಡಿನ ಸುತ್ತ ಕ್ಷಾರ ಹೆಚ್ಚಿ, ಅದು ಅಲ್ಲೇ ಗಟ್ಟಿಯಾಗಿ ಕೂತು ಲೋಹವನ್ನು ಮುಚ್ಚುತ್ತದೆ. ಮುಚ್ಚಿದ ಮೇಲೆ ಕ್ರಿಯೆಯನ್ನು ಸಲೀಸು ಮಾಡುವ ಎಂಥ ದುಬಾರಿ ವೇಗವರ್ಧಕ ಇದ್ದರೂ ಅದಕ್ಕೆ ನೀರು ಸಿಗುವುದಿಲ್ಲ.

ಕಡಲ ನೀರನ್ನು ನೇರವಾಗಿ ಒಡೆಯುವ ಸಂಶೋಧನೆ ಸುಳ್ಳೇನಲ್ಲ. ನೀರನ್ನು ಕ್ಷಾರೀಯ ಮಾಡಿದರೆ ಆಕ್ಸಿಜನ್‌ಗೂ ಹೈಪೋಕ್ಲೋರೈಟ್‌ಗೂ ನಡುವಿನ ಅಂತರ ಸುಮಾರು 0.48 ವೋಲ್ಟ್‌ಗೆ ಹಿಗ್ಗುತ್ತದೆ. ಲೆಕ್ಕದ ಕನಿಷ್ಠದ ಮೇಲೆ 0.48ಕ್ಕಿಂತ ಕಡಿಮೆ ಹೆಚ್ಚುವರಿ ವೋಲ್ಟೇಜಿನಲ್ಲಿ ಕೆಲಸ ಮುಗಿಸುವ ನಿಕ್ಕಲ್–ಕಬ್ಬಿಣದಂಥ ವೇಗವರ್ಧಕ ಇದ್ದರೆ ಕ್ಲೋರಿನ್ನಿನ ಸರದಿ ಬರುವುದೇ ಇಲ್ಲ. ಆದರೂ ತುಕ್ಕು ಮತ್ತು ಬಿಳಿ ಹಿಟ್ಟಿನ ತಾಪತ್ರಯ ಉಳಿದೇ ಇರುತ್ತದೆ. ಮತ್ತೆ, ಈ ಸಾಹಸದಿಂದ ಉಳಿಯುವುದಾದರೂ ಎಷ್ಟು? ಒಂದು ಕಿಲೋ ಹೈಡ್ರೋಜನ್‌ಗೆ ಬೇಕಾದ ನೀರು ಸುಮಾರು 9 ಲೀಟರ್, ನಷ್ಟ ಸೇರಿಸಿ 10 ಎನ್ನಿ. ರಿವರ್ಸ್ ಆಸ್ಮೋಸಿಸ್‌ನಲ್ಲಿ ಒಂದು ಸಾವಿರ ಲೀಟರ್ ಕಡಲ ನೀರನ್ನು ಸಿಹಿ ಮಾಡಲು 3ರಿಂದ 4 ಯೂನಿಟ್ ಕರೆಂಟು. ಅಂದರೆ ಆ 10 ಲೀಟರಿಗೆ 0.04 ಯೂನಿಟ್. ಅದೇ ನೀರನ್ನು ಒಡೆಯಲು 50 ಯೂನಿಟ್ಟಿಗೂ ಮೇಲೆ ಬೇಕು. ಸಾವಿರಕ್ಕೆ ಒಂದು ಪಾಲೂ ಆಗದ ಖರ್ಚು ಉಳಿಸಲು ಯಂತ್ರವನ್ನೇ ಉಪ್ಪಿಗೆ ಒಡ್ಡುವುದು ನನಗಂತೂ ಜಾಣತನ ಅನಿಸುವುದಿಲ್ಲ. ಮೊದಲು ಸಿಹಿ ಮಾಡಿ, ಆಮೇಲೆ ಒಡೆಯುವುದೇ ಸರಿ.

ಖರ್ಚೆಲ್ಲ ಕರೆಂಟಿನದು, ಕರೆಂಟಿನ ಖರ್ಚನ್ನು ನಿರ್ಧರಿಸುವುದು ವೋಲ್ಟೇಜು. ಮಕ್ಕಳು ಬಾಯಿಪಾಠ ಮಾಡಬೇಕಾದ ಒಂದೇ ಸಂಖ್ಯೆ 26.6: ಒಂದು ಕಿಲೋ ಹೈಡ್ರೋಜನ್‌ಗೆ ಬೇಕಾದ ಯೂನಿಟ್ ಎಂದರೆ 26.6 ಗುಣಿಸು ಸೆಲ್ಲಿನ ವೋಲ್ಟೇಜ್. ಎರಡು ತಗಡಿನ ನಡುವೆ 2 ವೋಲ್ಟ್ ಇದ್ದರೆ 53 ಯೂನಿಟ್. ನೀವು ನೇರ 12 ವೋಲ್ಟ್ ಕೊಟ್ಟಿರಿ: ಸುಮಾರು 319 ಯೂನಿಟ್, ಅದೂ ಎಲ್ಲ ಕರೆಂಟೂ ಹೈಡ್ರೋಜನ್ನೇ ಆಯಿತು ಎಂದು ಹಿಡಿದರೆ. ಹೆಚ್ಚಿನದೆಲ್ಲ ನೀರು ಬಿಸಿಯಾಗಲು ಹೋಯಿತು. ಬಕೆಟ್ ಬೆಚ್ಚಗಾಗಿತ್ತಲ್ಲವೇ?

ವೇಗವರ್ಧಕ ಲೋಹ ಮಾಡುವುದು ಈ ವೋಲ್ಟೇಜನ್ನು ಇಳಿಸುವ ಕೆಲಸ, ಬೇರೇನಲ್ಲ. 1.23 ವೋಲ್ಟ್ ಪ್ರಕೃತಿ ಕೇಳುವ ಕನಿಷ್ಠ ಬೆಲೆ. ಅದನ್ನು ಯಾವ ಲೋಹವೂ ತಗ್ಗಿಸಲಾರದು. ಅದರ ಮೇಲೆ ಎರಡೂ ತಗಡುಗಳು ತಮ್ಮ ತಮ್ಮ ಕಮಿಷನ್ ಕೇಳುತ್ತವೆ, ಆ ಕಮಿಷನ್ ಎಷ್ಟು ಎಂಬುದು ಲೋಹದ ಗುಣ. ಹತ್ತನೇ ಒಂದು ವೋಲ್ಟ್ ಉಳಿದರೆ ಕಿಲೋಗೆ 2.66 ಯೂನಿಟ್ ಉಳಿತಾಯ. ಸಣ್ಣದು ಅನಿಸೀತು. ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಒಪ್ಪಿದ ಹಸಿರು ಹೈಡ್ರೋಜನ್ ಮಿಷನ್ನಿನ ಗುರಿ 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್. ಅಷ್ಟಕ್ಕೆ ಈ 0.1 ವೋಲ್ಟಿನ ಬೆಲೆ ವರ್ಷಕ್ಕೆ 1,330 ಕೋಟಿ ಯೂನಿಟ್. ಕೈಗಾದ 220 ಮೆಗಾವಾಟಿನ ನಾಲ್ಕೂ ಘಟಕಗಳು ಒಂದು ಗಳಿಗೆಯೂ ನಿಲ್ಲದೆ ವರ್ಷವಿಡೀ ಓಡಿದರೂ ಬರುವುದು 770 ಕೋಟಿ ಯೂನಿಟ್.

ಮೈನಸ್ ಕಡೆಯ ಕೆಲಸ ಹೋಲಿಕೆಯಲ್ಲಿ ಸುಲಭ. ಹೈಡ್ರೋಜನ್ ಪರಮಾಣು ಲೋಹಕ್ಕೆ ಅಂಟಬೇಕು, ಇನ್ನೊಂದು ಸಿಕ್ಕಿದೊಡನೆ ಬಿಟ್ಟೂ ಹೋಗಬೇಕು. ಸೀಸಕ್ಕೆ ಅದು ಅಂಟುವುದೇ ಇಲ್ಲ. ಟಂಗ್‌ಸ್ಟನ್ ಹಿಡಿದರೆ ಬಿಡುವುದಿಲ್ಲ. ಪ್ಲಾಟಿನಂ ಹದವಾಗಿ ಹಿಡಿಯುತ್ತದೆ, ಅದಕ್ಕೇ ಅದರ ಹೆಸರು. ಲೋಹಗಳನ್ನು ಈ ಹಿಡಿತದ ಕ್ರಮದಲ್ಲಿ ಸಾಲಾಗಿಟ್ಟು 1972ರಲ್ಲಿ ಇಟಲಿಯ ವಿಜ್ಞಾನಿ ಸೆರ್ಜಿಯೊ ಟ್ರಾಸಾಟ್ಟಿ ಎಳೆದ ನಕ್ಷೆ ಗುಡ್ಡದ ಆಕಾರದಲ್ಲಿದೆ. ನೆತ್ತಿಯ ಹತ್ತಿರ ಪ್ಲಾಟಿನಂ, ಅದರ ಕೆಳಗಿನ ಇಳಿಜಾರಿನಲ್ಲಿ ನಿಕ್ಕಲ್. ನಿಕ್ಕಲ್‌ಗೆ ತುಸು ಮಾಲಿಬ್ಡಿನಂ ಬೆರೆಸಿದರೆ ಇನ್ನಷ್ಟು ಮೇಲೇರುತ್ತದೆ: ಚದರ ಸೆಂಟಿಮೀಟರಿಗೆ 10 ಮಿಲಿಆಂಪಿಯರ್ ಹರಿಸಲು ಬರೀ ನಿಕ್ಕಲ್ ತಗಡು 0.2 ವೋಲ್ಟ್‌ಗೂ ಹೆಚ್ಚು ಕಮಿಷನ್ ಕೇಳುವಲ್ಲಿ, ಒಳ್ಳೆಯ ನಿಕ್ಕಲ್–ಮಾಲಿಬ್ಡಿನಂ ಲೇಪ 0.1ರೊಳಗೆ ಮುಗಿಸುತ್ತದೆ. ಕಾರ್ಖಾನೆಗಳ ಹಳೆಯ ದಾರಿ ರೇನಿ ನಿಕ್ಕಲ್: ನಿಕ್ಕಲ್–ಅಲ್ಯೂಮಿನಿಯಂ ಮಿಶ್ರಲೋಹದಿಂದ ಅಲ್ಯೂಮಿನಿಯಮ್ಮನ್ನು ಕ್ಷಾರದಲ್ಲಿ ಕರಗಿಸಿ ತೆಗೆದು, ಸ್ಪಂಜಿನಂಥ ನಿಕ್ಕಲ್ ಉಳಿಸಿಕೊಳ್ಳುವುದು. ಇಲ್ಲೊಂದು ಎಚ್ಚರಿಕೆಯ ಮಾತು. ಹೊಸ ಅಗ್ಗದ ವೇಗವರ್ಧಕ ಪ್ಲಾಟಿನಮ್ಮನ್ನೇ ಮೀರಿಸಿತು ಎಂಬ ಸುದ್ದಿ ಓದಿದಾಗ, ಪರೀಕ್ಷೆಯಲ್ಲಿ ಎದುರು ತುದಿಗೆ ಯಾವ ಲೋಹ ಇಟ್ಟಿದ್ದರು ಎಂದು ನೋಡಿ. ಅಲ್ಲಿ ಪ್ಲಾಟಿನಂ ತಂತಿ ಇದ್ದರೆ ಅದರಿಂದ ಚೂರುಚೂರು ಕರಗಿ ಬಂದು ಈಚೆ ಕೂತಿರಬಹುದು. ಹೊಗಳಿಕೆ ಒಬ್ಬರಿಗೆ, ದುಡಿದವರು ಇನ್ನೊಬ್ಬರು.

ಪ್ಲಸ್ ಕಡೆ ನಿಜವಾದ ಕಷ್ಟ. ನೀರು ಒಡೆಯುವ ಇನ್ನೊಂದು ಬಗೆಯ, ಆಮ್ಲೀಯ ಪರದೆಯ ಘಟಕಗಳಲ್ಲಿ ನಿಕ್ಕಲ್, ಕಬ್ಬಿಣ ಎಲ್ಲವೂ ಕರಗಿಹೋಗುವುದರಿಂದ ಇರಿಡಿಯಂ ಆಕ್ಸೈಡ್ ಬಿಟ್ಟರೆ ಗತಿಯಿಲ್ಲ; ಆ ಇರಿಡಿಯಂ ಇಡೀ ಜಗತ್ತಿನ ಗಣಿಗಳಿಂದ ವರ್ಷಕ್ಕೆ ಏಳೆಂಟು ಟನ್ ಮಾತ್ರ ಬರುತ್ತದೆ. ಕ್ಷಾರದಲ್ಲಿ ಹಾಗಿಲ್ಲ, ನಿಕ್ಕಲ್ ವರ್ಷಗಟ್ಟಲೆ ಬಾಳುತ್ತದೆ. ಅದರಲ್ಲೂ ಕಬ್ಬಿಣ ಸೇರಿದಾಗ ಗುಣವೇ ಬದಲಾಗುತ್ತದೆ. ನಿಕ್ಕಲ್ ಬ್ಯಾಟರಿ ಮಾಡುವವರಿಗೆ ಕಬ್ಬಿಣ ಕಂಡರಾಗದು, ಏಕೆಂದರೆ ಅದು ಸೇರಿದರೆ ಬ್ಯಾಟರಿ ಚಾರ್ಜ್ ಆಗುವ ಬದಲು ಆಕ್ಸಿಜನ್ ಬಿಡತೊಡಗುತ್ತದೆ. ನಮಗೆ ಬೇಕಾದದ್ದೇ ಅದು! ಕಾಸ್ಟಿಕ್‌ನಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಕಲಬೆರಕೆಯಾಗಿ ಬಂದ ಕಬ್ಬಿಣವೂ ಸಾಕು, ನಿಕ್ಕಲ್ ಆಕ್ಸೈಡಿನ ಮೇಲೆ ಆಕ್ಸಿಜನ್ ಸಲೀಸಾಗಿ ಬರುತ್ತದೆ ಎಂದು 1987ರಲ್ಲಿ ಸಂಶೋಧಕ ಡೆನ್ನಿಸ್ ಕಾರಿಗನ್ ತೋರಿಸಿಕೊಟ್ಟರು. ನಿಕ್ಕಲ್–ಕಬ್ಬಿಣದ ಹೈಡ್ರಾಕ್ಸೈಡ್ ಲೇಪ 10 ಮಿಲಿಆಂಪಿಯರ್ ಮಟ್ಟದಲ್ಲಿ 0.25–0.30 ವೋಲ್ಟ್ ಹೆಚ್ಚುವರಿಯಲ್ಲಿ ಕೆಲಸ ಮಾಡುತ್ತದೆ. ನಿಮ್ಮ ಸ್ಟೀಲ್ ತಗಡಿನಲ್ಲೂ ನಿಕ್ಕಲ್, ಕಬ್ಬಿಣ ಎರಡೂ ಇರುವುದರಿಂದ ಕ್ಷಾರದಲ್ಲಿ ಅದು ಕೆಟ್ಟ ಪ್ಲಸ್ ತಗಡೇನಲ್ಲ. ಅದರ ದೋಷ ಕ್ರೋಮಿಯಂ. ಆ ಮಾತು ಕೊನೆಯಲ್ಲಿ.

ಈಗ ಮಾಡುವ ಕ್ರಮ. ಆನ್‌ಲೈನಿನಲ್ಲಿ ಲಿಥಿಯಂ ಬ್ಯಾಟರಿ ಬೆಸೆಯುವ ನಿಕ್ಕಲ್ ಪಟ್ಟಿ ಸಿಗುತ್ತದೆ, ಅಗ್ಗ. ಆದರೆ ಅದರಲ್ಲಿ ಬಹಳಷ್ಟು ನಿಕ್ಕಲ್ ಪಾಲಿಶಿನ ಸ್ಟೀಲು. ಆಯಸ್ಕಾಂತದಿಂದ ತಿಳಿಯದು, ಎರಡೂ ಅಂಟುತ್ತವೆ. ಒಂದು ತುಂಡನ್ನು ಮೊಳೆಯಿಂದ ಆಳವಾಗಿ ಗೀರಿ ಉಪ್ಪುನೀರಿನಲ್ಲಿ ರಾತ್ರಿಯಿಡೀ ಇಡಿ. ಬೆಳಗ್ಗೆ ಗೀರಿನಲ್ಲಿ ಕೆಂಪು ತುಕ್ಕು ಕಂಡರೆ ಮೋಸ. ನಿಕ್ಕಲ್ ಜಾಲರಿ ಅಥವಾ ನಿಕ್ಕಲ್ ಫೋಮ್ ಸಿಕ್ಕರೆ ಇನ್ನೂ ಒಳ್ಳೆಯದು. ದ್ರಾವಣದಲ್ಲಿ ಮುಳುಗುವ ಭಾಗ 2.5 ಸೆಂಟಿಮೀಟರ್ ಅಗಲ, 4 ಸೆಂಟಿಮೀಟರ್ ಉದ್ದ ಇರಲಿ. ಎದುರುಬದುರಾದ ಮೈ 10 ಚದರ ಸೆಂಟಿಮೀಟರ್ ಆಯಿತು. ಪಟ್ಟಿಯನ್ನು ನಯವಾದ ಉಜ್ಜುಕಾಗದದಿಂದ ತಿಕ್ಕಿ, ಸೋಪು, ಆಮೇಲೆ ಅಸಿಟೋನ್‌ನಿಂದ ತೊಳೆದು, ಒಂದು ಪಾಲು ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲವನ್ನು ಮೂರು ಪಾಲು ನೀರಿಗೆ ಸುರಿದು ಮಾಡಿದ ದ್ರಾವಣದಲ್ಲಿ 10 ನಿಮಿಷ ಇಟ್ಟು, ಡಿಸ್ಟಿಲ್ಡ್ ವಾಟರ್‌ನಲ್ಲಿ ಚೆನ್ನಾಗಿ ಜಾಲಿಸಿ. ಬೆರಳಿನ ಎಣ್ಣೆ ತಗುಲಿದ ಜಾಗದಲ್ಲಿ ಲೇಪ ಕೂರುವುದಿಲ್ಲ.

ಪ್ಲಸ್ ಕಡೆಗೆ ಇಡುವ ಪಟ್ಟಿಯ ಲೇಪಕ್ಕೆ ನಿಕ್ಕಲ್ ನೈಟ್ರೇಟ್ 0.9 ಗ್ರಾಂ, ಫೆರಿಕ್ ನೈಟ್ರೇಟ್ 1.2 ಗ್ರಾಂ, ಎರಡೂ ಪ್ರಯೋಗಾಲಯದಲ್ಲಿ ಸಿಗುವ ಹರಳಿನ ರೂಪದವು. ಇವನ್ನು 100 ಮಿಲಿಲೀಟರ್ ನೀರಿನಲ್ಲಿ ಕರಗಿಸಿ, ಅದರಿಂದ 10 ಮಿಲಿಲೀಟರ್ ತೆಗೆದು ಮತ್ತೆ 100ಕ್ಕೆ ತುಂಬಿಸಿ. ನೇರ ದುರ್ಬಲ ದ್ರಾವಣ ಮಾಡಲು ಹೋದರೆ 0.09 ಗ್ರಾಂ ತೂಗಬೇಕು, ಶಾಲೆಯ ತಕ್ಕಡಿ ಅದನ್ನು ನಂಬಿಕೆಯಾಗಿ ತೂಗದು. ಲೇಪ ಕೂರಿಸುವಾಗ ಮಾತ್ರ ಈ ನಿಕ್ಕಲ್ ಪಟ್ಟಿಯನ್ನು ಮೈನಸ್‌ಗೆ, ಕಾರ್ಬನ್ ಕಡ್ಡಿಯನ್ನು ಪ್ಲಸ್‌ಗೆ ಕಟ್ಟಿ 50 ಮಿಲಿಆಂಪಿಯರ್ ಐದು ನಿಮಿಷ ಹರಿಸಿ. ದ್ರಾವಣ ತೆಳುವಾದ್ದರಿಂದ ವೋಲ್ಟೇಜ್ ಐದಾರಕ್ಕೆ ಏರಬಹುದು, ಚಿಂತೆಯಿಲ್ಲ. ಹಿಡಿತದಲ್ಲಿ ಇಡಬೇಕಾದದ್ದು ಕರೆಂಟನ್ನು. ಲೋಹದ ಮೈಯಲ್ಲಿ ನೈಟ್ರೇಟ್ ಮುರಿದು ಅಲ್ಲಿ ಮಾತ್ರ ಕ್ಷಾರ ಹುಟ್ಟುತ್ತದೆ, ಆ ಕ್ಷಾರದಲ್ಲಿ ನಿಕ್ಕಲ್ ಮತ್ತು ಕಬ್ಬಿಣದ ಹೈಡ್ರಾಕ್ಸೈಡ್ ಒಟ್ಟಿಗೆ ಪೊರೆಯಾಗಿ ಕೂರುತ್ತವೆ. ತೆಳು ಹಳದಿಗಂದು ಛಾಯೆ ಬಂದರೆ ಸರಿ. ಹಕ್ಕಳೆ ಎದ್ದು ಉದುರಿದರೆ ಕರೆಂಟು ಜಾಸ್ತಿಯಾಯಿತು, ಆಮ್ಲದಲ್ಲಿ ತೊಳೆದು ಮತ್ತೆ ಮಾಡಿ. ತೊಳೆಯುವಾಗ ಬಟ್ಟೆಯಿಂದ ಒರೆಸಬಾರದು. ನಿಕ್ಕಲ್ ಲವಣ ವಿಷ, ಚರ್ಮಕ್ಕೆ ತುರಿಕೆ, ದೀರ್ಘಕಾಲದಲ್ಲಿ ಕ್ಯಾನ್ಸರ್‌ಕಾರಕ. ಈ ಹಂತ ಶಿಕ್ಷಕರ ಕೈಯಲ್ಲೇ, ಕೈಗವಸು ಹಾಕಿಯೇ ಆಗಲಿ.

ಇನ್ನು ಸೆಲ್ಲಿನ ದ್ರಾವಣ: ಅರ್ಧ ಲೀಟರ್ ಡಿಸ್ಟಿಲ್ಡ್ ವಾಟರ್‌ಗೆ 33 ಗ್ರಾಂ ಕಾಸ್ಟಿಕ್ ಪೊಟ್ಯಾಶ್. ಅಂಗಡಿಯ ಮಾಲು ಸಾಮಾನ್ಯವಾಗಿ 85 ಶೇಕಡ ಇರುತ್ತದೆ, ಉಳಿದದ್ದು ತೇವ. ಆ ಲೆಕ್ಕ ಸೇರಿಸಿಯೇ ಹೇಳಿದ್ದೇನೆ. ಕಾಸ್ಟಿಕ್ ಸೋಡಾ ಆದರೆ 20 ಗ್ರಾಂ, ವಾಹಕತೆ ಸ್ವಲ್ಪ ಕಡಿಮೆ. ಚರಂಡಿ ಸ್ವಚ್ಛ ಮಾಡುವ ಪುಡಿ ಬೇಡ, ಕೆಲವದರಲ್ಲಿ ಅಲ್ಯೂಮಿನಿಯಂ ಚೂರು ಬೆರೆಸಿರುತ್ತಾರೆ. ನೀರಿಗೆ ಕಾಸ್ಟಿಕ್ ಹಾಕಬೇಕು, ಕಾಸ್ಟಿಕ್‌ಗೆ ನೀರು ಸುರಿಯಬಾರದು. ಪಾತ್ರೆ ಪ್ಲಾಸ್ಟಿಕ್ಕಿನದಿರಲಿ, ಅಲ್ಯೂಮಿನಿಯಂ ಪಾತ್ರೆಯನ್ನು ಇದು ತಿಂದೇಬಿಡುತ್ತದೆ. ಕಣ್ಣಿಗೆ ಕನ್ನಡಕ ಕಡ್ಡಾಯ: ಕ್ಷಾರ ಕಣ್ಣಿಗೆ ಆಮ್ಲಕ್ಕಿಂತ ಕೆಟ್ಟದ್ದು, ಸಿಡಿದರೆ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ. ಆಷಾಢದ ಕಾರವಾರದಲ್ಲಿ ಡಬ್ಬಿ ತೆರೆದಿಟ್ಟು ಮಾತಾಡುತ್ತ ನಿಂತರೆ ಬಿಲ್ಲೆಗಳು ನಿಮ್ಮ ಕಣ್ಣೆದುರೇ ನೀರಾಗುತ್ತವೆ, ತೂಕವೂ ತಪ್ಪುತ್ತದೆ. ದ್ರಾವಣವನ್ನೂ ಮುಚ್ಚಿಡಿ; ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಕಾರ್ಬೋನೇಟ್ ಆಗುತ್ತ ವಾಹಕತೆ ಇಳಿಯುತ್ತದೆ.

ಬಾವಿ ನೀರು ಏಕೆ ಬೇಡವೆಂದರೆ, ಕರಾವಳಿಯ ಬಾವಿಗಳಲ್ಲಿ ಸವಳು ಸೇರಿರಬಹುದು, ಕ್ಯಾಲ್ಸಿಯಂ ಇರುತ್ತದೆ, ಚಿರೆಕಲ್ಲಿನ ನೆಲದಲ್ಲಿ ಕಬ್ಬಿಣವೂ ಇರುತ್ತದೆ. ಕಬ್ಬಿಣ ಪ್ಲಸ್ ಕಡೆಗೆ ಉಪಕಾರಿ ಎಂದೆನಲ್ಲ. ಮೈನಸ್ ಕಡೆ ಅದೇ ಕಬ್ಬಿಣ ಕಪ್ಪಗೆ ಕೂತು ಒಳ್ಳೆಯ ಲೇಪವನ್ನು ಮುಚ್ಚುತ್ತದೆ. ಬೇಕಾದಲ್ಲಿ, ಬೇಕಾದಷ್ಟು ನಾವೇ ಹಾಕುವುದು ಕ್ಷೇಮ.

ಎರಡು ಪಟ್ಟಿಗಳ ನಡುವೆ 5 ಮಿಲಿಮೀಟರ್ ಅಂತರ ಬಿಟ್ಟು, ಕರೆಂಟ್ ಮಿತಿ ಹೊಂದಿಸಬಲ್ಲ ಡಿಸಿ ಸಪ್ಲೈಯಿಂದ 0.5 ಆಂಪಿಯರ್ ಹರಿಸಿ. ವೋಲ್ಟೇಜನ್ನು ಸಪ್ಲೈಯ ಮುಖದಲ್ಲಲ್ಲ, ಪಟ್ಟಿಗಳ ಮೇಲೆಯೇ ಮೀಟರ್ ಮುಳ್ಳು ಇಟ್ಟು ನೋಡಿ. ಲೇಪವಿಲ್ಲದ ನಿಕ್ಕಲ್ ಜೋಡಿಯಲ್ಲಿ 2 ವೋಲ್ಟಿನ ಆಸುಪಾಸು ಬರಬೇಕು. ಪ್ಲಸ್ ಪಟ್ಟಿ ಬದಲಿಸಿ ಲೇಪದ್ದು ಇಟ್ಟರೆ ಹತ್ತನೇ ಒಂದರಿಂದ ಎರಡು ವೋಲ್ಟ್ ಇಳಿಯುವುದನ್ನು ಮಕ್ಕಳು ಕಣ್ಣಾರೆ ನೋಡಬಹುದು. ಸ್ಪರ್ಧೆಯಲ್ಲಿ ತೋರಿಸಬೇಕಾದದ್ದು ಈ ಇಳಿತವನ್ನು. ಗುಳ್ಳೆ ಎಲ್ಲ ಮಾದರಿಯಲ್ಲೂ ಬರುತ್ತದೆ. ಬೈಕ್ ಬ್ಯಾಟರಿಯೇ ಬೇಕೆಂದರೆ ಆರು ಸೆಲ್ಲುಗಳನ್ನು ಸರಣಿಯಲ್ಲಿ ಕಟ್ಟಿ, ಒಂದೊಂದಕ್ಕೆ 2 ವೋಲ್ಟ್ ಬೀಳುತ್ತದೆ.

0.5 ಆಂಪಿಯರಿಗೆ 30 ಡಿಗ್ರಿಯಲ್ಲಿ ನಿಮಿಷಕ್ಕೆ ಸುಮಾರು 3.9 ಮಿಲಿಲೀಟರ್ ಹೈಡ್ರೋಜನ್, 1.9 ಆಕ್ಸಿಜನ್. ಬೇರೆ ಬೇರೆ ಪ್ರನಾಳಗಳಲ್ಲಿ ಹಿಡಿದು ಹತ್ತು ನಿಮಿಷಕ್ಕೆ ಅಳೆಯಿರಿ. ಈ ಎರಡಕ್ಕೊಂದು ಪ್ರಮಾಣವೇ ನಿಮ್ಮ ವೈದ್ಯ. ಆಕ್ಸಿಜನ್ ಅರ್ಧಕ್ಕಿಂತ ತೀರಾ ಕಡಿಮೆ ಬಂದರೆ ಪ್ಲಸ್ ಕಡೆ ಕರೆಂಟು ಬೇರೇನನ್ನೋ ಮಾಡುತ್ತಿದೆ: ಲೋಹ ಕರಗುತ್ತಿದೆ, ಅಥವಾ ಕ್ಲೋರೈಡ್ ಸೇರಿಕೊಂಡಿದೆ. ಹಳೆಯ ಟಾರ್ಚ್ ಸೆಲ್ಲಿನ ಕಾರ್ಬನ್ ಕಡ್ಡಿಯನ್ನು ಪ್ಲಸ್‌ಗೆ ಕಟ್ಟಿದರೂ ಹೀಗೇ, ಕಡ್ಡಿಯೇ ಸವೆದು ಕಪ್ಪು ಪುಡಿ ಬೀಳುತ್ತದೆ. ಕ್ಲೋರೈಡ್ ಅನುಮಾನವಿದ್ದರೆ ಪೊಟ್ಯಾಸಿಯಂ ಅಯೋಡೈಡ್–ಪಿಷ್ಟದ ಕಾಗದವನ್ನು ಒದ್ದೆ ಮಾಡಿ ಪ್ಲಸ್ ಕಡೆಯ ಅನಿಲಕ್ಕೆ ಹಿಡಿಯಿರಿ, ಕ್ಲೋರಿನ್ ಇದ್ದರೆ ನೀಲಿಯಾಗುತ್ತದೆ.

ವೋಲ್ಟೇಜ್ ತಾನೇ ಏರುತ್ತ ಹೋದರೆ ಮೊದಲು ಕ್ಲಿಪ್ ನೋಡಿ. ನಮ್ಮ ಉಪ್ಪುಗಾಳಿಗೆ ಮೊಸಳೆ ಕ್ಲಿಪ್ಪಿನ ತಾಮ್ರ ಕಿಲುಬು ಹಿಡಿಯುವುದು ದಿನಗಳ ಮಾತು. ವೇಗವರ್ಧಕ ಕೆಟ್ಟಿತೆಂದು ತಲೆಬಿಸಿ ಮಾಡಿಕೊಳ್ಳುವ ಹತ್ತರಲ್ಲಿ ಎಂಟು ಸಲ ತಪ್ಪು ಅಲ್ಲಿರುತ್ತದೆ. ಕ್ಲಿಪ್ ದ್ರಾವಣಕ್ಕೆ ತಾಗಲೂಬಾರದು, ತಾಮ್ರ ಕರಗಿ ಮೈನಸ್ ಪಟ್ಟಿಯ ಮೇಲೆ ಕೂರುತ್ತದೆ. ನಿಕ್ಕಲ್ ಮೈನಸ್ ಪಟ್ಟಿ ಗಂಟೆಗಟ್ಟಲೆ ಓಡಿದಾಗ ಹೈಡ್ರೋಜನ್ ಲೋಹದೊಳಕ್ಕೆ ಇಳಿದು ಹೈಡ್ರೈಡ್ ಆಗಿ ಚುರುಕು ಕಳೆದುಕೊಳ್ಳುವುದೂ ಉಂಟು. ಇನ್ನೊಂದು, ಸೋಲಾರಿಗೆ ಕಟ್ಟುವವರು ಮರೆಯುವುದು: ಬಿಸಿಲು ಹೋದಾಗ ಸೆಲ್ ಸುಮ್ಮನಿರುವುದಿಲ್ಲ, ಬ್ಯಾಟರಿಯಂತೆ ತಿರುಗಿ ಕರೆಂಟು ಹರಿಸುತ್ತದೆ. ಆ ಹಿಮ್ಮುಖ ಕರೆಂಟಿಗೆ ಮೈನಸ್ ಲೇಪ, ಅದರಲ್ಲೂ ಮಾಲಿಬ್ಡಿನಂ, ಕರಗುತ್ತದೆ. ದಿನಕ್ಕೆ ಹತ್ತು ಸಲ ಮೋಡ ಕವಿಯುವ ಊರಿನಲ್ಲಿ ಇದು ಸಣ್ಣ ವಿಷಯವಲ್ಲ. ಸಾಲಿನಲ್ಲಿ ಒಂದು ಡಯೋಡ್ ಹಾಕಿದರೆ ನಿಮ್ಮ ಮಾದರಿಗೆ ಸಾಕು.

ಒಲೆಯ ವಿಚಾರ ಮಕ್ಕಳಿಗೆ ಹೀಗೆ ಹೇಳಿ: ಮನೆಯ ಗ್ಯಾಸ್ ಒಲೆಯ ಒಂದು ಸಾಧಾರಣ ಬರ್ನರ್ 2 ಕಿಲೋವಾಟ್ ಎಂದುಕೊಂಡರೆ, ಅಷ್ಟು ಉರಿಗೆ ಒಂದೇ ಸೆಲ್ಲಿನಲ್ಲಿ ಸುಮಾರು 1,600 ಆಂಪಿಯರ್ ಹರಿಸಬೇಕು. 2 ವೋಲ್ಟಿನಂತೆ 3.2 ಕಿಲೋವಾಟ್ ಕರೆಂಟು ಕೊಟ್ಟು 2 ಕಿಲೋವಾಟ್ ಬೆಂಕಿ ಪಡೆದಂತೆ. ಆ ಕರೆಂಟನ್ನು ನೇರ ಇಂಡಕ್ಷನ್ ಒಲೆಗೆ ಕೊಟ್ಟರೆ ಅನ್ನ ಬೇಗ ಬೇಯುತ್ತದೆ. ಎಲ್‌ಪಿಜಿ ಬರ್ನರಿಗೆ ಹೈಡ್ರೋಜನ್ ಬಿಟ್ಟರೆ ಜ್ವಾಲೆ ಕೊಳವೆಯೊಳಕ್ಕೇ ಹಿಂದೆ ನುಗ್ಗುತ್ತದೆ. ಗಾಳಿಯಲ್ಲಿ 4ರಿಂದ 75 ಶೇಕಡ ಬೆರೆತರೂ ಹೊತ್ತಿಕೊಳ್ಳುವ ಅನಿಲ ಇದು, ಹಗಲಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದೂ ಕಷ್ಟ. ಒಂದು ಪ್ರನಾಳದಷ್ಟನ್ನು ಕಡ್ಡಿಗೆ ತೋರಿಸಿ 'ಪಟ್' ಎನ್ನಿಸಿದರೆ ಸಾಕು. ಎರಡೂ ಅನಿಲವನ್ನು ಒಂದೇ ಬಾಟಲಿಯಲ್ಲಿ ಯಾವ ಕಾರಣಕ್ಕೂ ಕೂಡಿಡಬೇಡಿ. ಹೈಡ್ರೋಜನ್ನಿನ ನಿಜವಾದ ಜಾಗ ರಸಗೊಬ್ಬರ, ಎಣ್ಣೆ ಶುದ್ಧೀಕರಣ, ಉಕ್ಕು, ಅಡುಗೆಮನೆಯಲ್ಲ.

ಈಗ ನಿಮ್ಮಲ್ಲಿ ಉಳಿದಿರುವ ಎರಡು ಬಕೆಟ್ ನೀರು. ಅವನ್ನು ಒಂದಕ್ಕೊಂದು ಬೆರೆಸಬೇಡಿ, ಕಡಲ ನೀರಿನದಕ್ಕೆ ಆಮ್ಲವಂತೂ ಬೇಡವೇ ಬೇಡ, ಕ್ಲೋರಿನ್ ಎದ್ದು ಬರುತ್ತದೆ. ಅದಕ್ಕೆ ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್, ವಾಸನೆ ಹೋಗುವ ತನಕ ಹಾಕಿ. ತಳದ ಕಂದು ಗಸಿಯನ್ನು ಬೇರೆ ತೆಗೆದಿಡಿ. ಕಾಸ್ಟಿಕ್‌ನ ಹಳದಿ ನೀರು ಹೆಚ್ಚು ಗಂಭೀರ. ಆ ಬಣ್ಣ ತುಕ್ಕಿನದಲ್ಲ, ಸ್ಟೀಲಿನ ಕ್ರೋಮಿಯಂ ಕ್ರೋಮೇಟ್ ಆಗಿ ಕರಗಿ ಬಂದದ್ದು, ಕ್ಯಾನ್ಸರ್‌ಕಾರಕ. ಬಾವಿಕಟ್ಟೆಯ ಹತ್ತಿರವೋ ತೆಂಗಿನ ಬುಡಕ್ಕೋ ಚೆಲ್ಲಬೇಡಿ. ಹತ್ತಿರದ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯಕ್ಕೆ ಮುಚ್ಚಿದ ಕ್ಯಾನಿನಲ್ಲಿ ಒಯ್ಯಿರಿ. ಅಲ್ಲಿ ಕ್ಷಾರವನ್ನು ತಗ್ಗಿಸಿ, ಹಳದಿ ಪೂರ್ತಿ ಹೋಗುವ ತನಕ ಫೆರಸ್ ಸಲ್ಫೇಟ್ ಹಾಕಿದರೆ ವಿಷದ ಆರು ವೇಲೆನ್ಸಿಯ ಕ್ರೋಮಿಯಂ ಕಡಿಮೆ ವಿಷದ ಮೂರು ವೇಲೆನ್ಸಿಗೆ ಇಳಿಯುತ್ತದೆ. ಸುಣ್ಣ ಹಾಕಿ ತುಸು ಕ್ಷಾರೀಯ ಮಾಡಿದರೆ ಗಸಿಯಾಗಿ ತಳಕ್ಕೆ ಕೂರುತ್ತದೆ. ಆ ಗಸಿ, ಬಕೆಟ್ಟಿನ ಕಂದು ಗಸಿ, ನಿಕ್ಕಲ್ ಲೇಪದ ಉಳಿಕೆ ಮೂರನ್ನೂ ಹೆಸರು ಬರೆದ ಬಾಟಲಿಗಳಲ್ಲಿ ಪ್ರಯೋಗಾಲಯದ ಅಪಾಯಕಾರಿ ತ್ಯಾಜ್ಯದ ಜೊತೆ ಕೊಡಿ.